ಫಿಲಾರ್ಜಿರಿ: ಒಂದು ಶಬ್ದದ ವಿಚಾರ

ಈ ವರ್ಷ ಒಂದು ದಿನ ದ್ವಿತೀಯ ಬಿ.ಎ. ತರಗತಿಯಲ್ಲಿ ಫ್ರೆಂಚ್ ನಾಟಕಕಾರ ಮೋಲಿಯೇರನ ‘ಲಾವಾರ್’ ನಾಟಕದ ಕಥೆಯನ್ನು ಹೇಳುತ್ತಿದ್ದೆ. ಹಣದ ಪೆಟ್ಟಿಗೆಯನ್ನು ತೋಟದಲ್ಲಿ ಹೂತಿಟ್ಟು, ಮಕ್ಕಳು, ಆಳುಕಾಳುಗಳು ಎಲ್ಲರೂ ಕಳ್ಳರೆಂದು ಶಂಕಿಸುತ್ತ ಕಾಲ ಕಳೆಯುವ ಹಾರ್ಪಗಾನ್ ಎಂಬ ಮುದುಕನ ಕಥೆ ಅದು. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸಾರ್, ಜಿಪುಣನಿಗೆ ಇಂಗ್ಲಿಷಿನಲ್ಲಿ ‘ಮೈಸರ್’ ಎನ್ನುತ್ತಾರೆ. ಹಾಗಾದರೆ ಜಿಪುಣತನಕ್ಕೆ ‘ಮಿಸರಿ’ ಎನ್ನಬಹುದಲ್ಲವೆ?” ಎಂದು ಕೇಳಿದ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ನಾಚಿಕೊಂಡು ಕುಳಿತುಬಿಟ್ಟ. ನಾನೂ ಸಣ್ಣದಾಗಿ ನಕ್ಕು, ‘ಮೈಸರ್ಲಿನೆಸ್’ ಎನ್ನಬೇಕೆಂದು ತಿದ್ದಿ, ಪಾಠವನ್ನು ಮುಂದುವರಿಸಿದೆ.

ಸಂಜೆ ಮನೆಗೆ ನಡೆದು ಹೋಗುತ್ತಿರುವಾಗ ಆ ಪ್ರಶ್ನೆ ಮತ್ತೆ ನೆನಪಿಗೆ ಬಂದಿತು. ಹುಡುಗನದು ವ್ಯಾಕರಣದ ದೃಷ್ಟಿಯಿಂದ ತಪ್ಪು, ನಿಜ. ಆದರೆ ಶಬ್ದದ ಬೇರಿನವರೆಗೆ ಹೋದವರು ಅದನ್ನು ಕೇಳಿ ನಗುವಂತಿರಲಿಲ್ಲ. ಆ ಹೊತ್ತಿನಲ್ಲಿ ನಾನು ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯ ನೆಪದಿಂದ ಈಗ ಕೊಡಲು ಯತ್ನಿಸುತ್ತೇನೆ. ನಕ್ಕು ಕೆಡಿಸಿದ ಮಾತು ನನ್ನ ಬಾಳಿನಲ್ಲಿ ಇದೊಂದೇ ಅಲ್ಲ. ಅದಕ್ಕಿಂತ ಹಿಂದಿನದು, ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಜಿಪುಣತನಕ್ಕೆ ಇಂಗ್ಲಿಷಿನಲ್ಲಿ ಶಬ್ದಗಳ ಬಡತನವಿಲ್ಲ. ಕೈಬಿಗಿತದ ವಿಷಯದಲ್ಲಿ ಭಾಷೆ ಮಾತ್ರ ಧಾರಾಳವಾಗಿದೆ. ಅವುಗಳಲ್ಲೆಲ್ಲ ಬಲು ಅಪರೂಪವಾದದ್ದು ‘ಫಿಲಾರ್ಜಿರಿ’. ದಿನಬಳಕೆಯ ನಿಘಂಟುಗಳಲ್ಲಿ ಇದನ್ನು ಹುಡುಕಿ ಫಲವಿಲ್ಲ. ಬಹು ದೊಡ್ಡ ನಿಘಂಟುಗಳಲ್ಲಿ, ಅದೂ ಬಳಕೆ ತಪ್ಪಿದ ಶಬ್ದಗಳ ಸಾಲಿನಲ್ಲಿ, ಸಿಕ್ಕುತ್ತದೆ. ಹಣದ ಮೇಲಣ ಮೋಹ, ಕೂಡಿಡುವ ಹಂಬಲ ಎಂದು ಅದರ ಅರ್ಥ. ನಾನು ಅಂತಿಮ ಬಿ.ಎ. ತರಗತಿಯಲ್ಲಿದ್ದಾಗ ಅಂತರ ಕಾಲೇಜು ಕ್ವಿಜ್ ಸ್ಪರ್ಧೆಗೆಂದು ಅಪರೂಪದ ಶಬ್ದಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಹಾಗೆ ಒಂದು ಮಧ್ಯಾಹ್ನ ಕಾಲೇಜಿನ ವಾಚನಾಲಯದಲ್ಲಿ ಈ ಶಬ್ದ ನನ್ನ ಕೈಗೆ ಸಿಕ್ಕಿತು. ಸ್ಪರ್ಧೆಯಲ್ಲಿ ಯಾರೂ ಅದನ್ನು ಕೇಳಲಿಲ್ಲವೆನ್ನುವುದು ಬೇರೆ ಮಾತು.

ಶಬ್ದವನ್ನು ಬಿಡಿಸಿ ನೋಡೋಣ. ಇದು ಗ್ರೀಕ್ ಭಾಷೆಯ ‘ಫಿಲಾರ್ಗುರಿಯ’ ಎಂಬುದರ ಇಂಗ್ಲಿಷ್ ರೂಪ. ‘ಫಿಲೊಸ್’ ಎಂದರೆ ಪ್ರೀತಿಸುವವನು, ‘ಆರ್ಗುರೊಸ್’ ಎಂದರೆ ಬೆಳ್ಳಿ. ಮೊದಲನೆಯ ಭಾಗ ನಮಗೆ ಹೊಸದಲ್ಲ. ಜ್ಞಾನವನ್ನು ಪ್ರೀತಿಸುವುದು ಫಿಲಾಸಫಿ. ಮನುಷ್ಯರನ್ನು ಪ್ರೀತಿಸುವುದು ಫಿಲಾಂತ್ರಪಿ. ಬೆಳ್ಳಿಯನ್ನು ಪ್ರೀತಿಸುವುದು ಫಿಲಾರ್ಜಿರಿ. ಮೂವರೂ ಒಂದೇ ತಾಯಿಯ ಮಕ್ಕಳು. ನಡತೆ ಮಾತ್ರ ಬೇರೆ ಬೇರೆ. ಎರಡನೆಯ ಭಾಗವಾದ ‘ಆರ್ಗುರೊಸ್’ ಕೂಡ ನಮಗೆ ಪರಕೀಯವಲ್ಲ. ಲ್ಯಾಟಿನ್ನಿನ ‘ಅರ್ಜೆಂಟಮ್’, ಸಂಸ್ಕೃತದ ‘ರಜತ’ ಇವೆರಡೂ ಅದರ ಹತ್ತಿರದ ನಂಟರು. ಬಿಳುಪು, ಹೊಳಪು ಎಂಬ ಅರ್ಥದ ‘ಅರ್ಜುನ’ ಶಬ್ದವೂ ಅದೇ ಬಳಗದ್ದು. ರಸಾಯನಶಾಸ್ತ್ರದಲ್ಲಿ ಬೆಳ್ಳಿಗೆ ‘ಎಜಿ’ ಎಂಬ ಸಂಕೇತ ಬಂದಿರುವುದೂ ದಕ್ಷಿಣ ಅಮೆರಿಕದ ಒಂದು ದೇಶಕ್ಕೆ ಅರ್ಜೆಂಟೀನ ಎಂಬ ಹೆಸರು ಬಂದಿರುವುದೂ ಆ ಲ್ಯಾಟಿನ್ ಶಬ್ದದಿಂದಲೇ.

ಹಣದ ಮೋಹವೆನ್ನಬೇಕಾದಲ್ಲಿ ಬೆಳ್ಳಿಯ ಮೋಹವೆಂದು ಏಕೆ ಹೇಳಿದರು ಎಂದು ಕೇಳಬಹುದು. ಹಳೆಯ ಗ್ರೀಕರ ನಿತ್ಯವ್ಯವಹಾರದ ನಾಣ್ಯ ಬೆಳ್ಳಿಯದು. ಆದುದರಿಂದ ಬೆಳ್ಳಿಯೆಂದರೆ ಹಣ ಎಂದಾಯಿತು. ಫ್ರೆಂಚರು ಇಂದಿಗೂ ಬೆಳ್ಳಿಗೂ ಹಣಕ್ಕೂ ಒಂದೇ ಶಬ್ದವನ್ನು ಹೇಳುತ್ತಾರೆ. ನಮ್ಮ ‘ರೂಪಾಯಿ’ಯ ಮೂಲವೂ ಬೆಳ್ಳಿ ಎಂಬ ಅರ್ಥದ ಸಂಸ್ಕೃತ ‘ರೂಪ್ಯ’ವೇ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ, ಸಕಲ ಕೇಡುಗಳಿಗೂ ಬೇರು ಯಾವುದೆಂದು ಹೇಳುವ ಪ್ರಸಿದ್ಧವಾದ ಮಾತೊಂದಿದೆ. ಹಣವೇ ಕೇಡಿನ ಬೇರು ಎಂದು ಅದನ್ನು ಅನೇಕರು ತಪ್ಪಾಗಿ ಉದಾಹರಿಸುತ್ತಾರೆ. ಮೂಲದಲ್ಲಿರುವುದು ಹಣವಲ್ಲ, ಫಿಲಾರ್ಗುರಿಯ, ಎಂದರೆ ಹಣದ ಮೇಲಣ ಮೋಹ. ಎರಡಕ್ಕೂ ಅಂತರ ಬಹಳ.

ಈ ಬಗೆಯ ಶಬ್ದಗಳನ್ನೆಲ್ಲ ಒಂದು ಕಡೆ ಕಲೆಹಾಕಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಮುಖ್ಯವಾದವು ಎರಡು ಪಂಗಡಗಳಾಗಿ ನಿಲ್ಲುತ್ತವೆ. ಮೊದಲನೆಯ ಪಂಗಡ ಜಿಪುಣನಲ್ಲಿ ಆಸೆಯನ್ನು ಕಾಣುತ್ತದೆ. ಫಿಲಾರ್ಜಿರಿ ಈ ಪಂಗಡದ್ದು. ‘ಅವರಿಸ್’ ಎಂಬುದು ಹಂಬಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು; ಅದೂ ಇದೇ ಪಂಗಡದ್ದು. ನಮ್ಮ ‘ಲೋಭ’ವೂ ಇಲ್ಲಿಯದೇ. ‘ಲೋಭ’ದ ಮೂಲವಾದ ‘ಲುಭ್’ ಧಾತುವೂ ಇಂಗ್ಲಿಷಿನ ‘ಲವ್’ ಶಬ್ದವೂ ಒಂದೇ ಬೇರಿನಿಂದ ಚಿಗುರಿದವು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕವಿಗಳು ಹಾಡುವ ಪ್ರೇಮಕ್ಕೂ ಬಡ್ಡಿಯ ಲೆಕ್ಕ ಬರೆಯುವವನ ಲೋಭಕ್ಕೂ ಇರುವ ಈ ರಕ್ತಸಂಬಂಧವನ್ನು ಕೇಳಿ ನಮ್ಮ ಯುವಕ ಮಿತ್ರರು ಬೇಸರಪಡಬಾರದು.

ಎರಡನೆಯ ಪಂಗಡ ಜಿಪುಣನಲ್ಲಿ ದುಃಖವನ್ನು ಕಾಣುತ್ತದೆ. ‘ಮೈಸರ್’ ಈ ಪಂಗಡದ ಮುಂದಾಳು. ಲ್ಯಾಟಿನ್ನಿನಲ್ಲಿ ಈ ಶಬ್ದಕ್ಕೆ ಹಣದ ಸೋಂಕೇ ಇಲ್ಲ. ದೀನ, ಮರುಕಕ್ಕೆ ಪಾತ್ರನಾದವನು ಎಂದಷ್ಟೇ ಅರ್ಥ. ಸುಮಾರು ಹದಿನಾರನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಬಂದಾಗಲೂ ಮೊದಮೊದಲು ನಿರ್ಭಾಗ್ಯ ಎಂಬ ಅರ್ಥದಲ್ಲಿಯೂ ಬಳಕೆಯಲ್ಲಿತ್ತು. ಹಣವಿದ್ದೂ ಇಲ್ಲದವನಂತೆ ಬದುಕುವ ನಿರ್ಭಾಗ್ಯನಿಗೆ ಅದು ಅಂಟಿಕೊಂಡು, ಕಡೆಗೆ ಅವನೊಬ್ಬನದೇ ಸೊತ್ತಾಯಿತು. ‘ಮಿಸರಿ’ ಎಂಬುದು ಅದೇ ಬೇರಿನ ಇನ್ನೊಂದು ಕೊಂಬೆ. ನಮ್ಮ ಹಿಂದಿನ ಬೆಂಚಿನ ಹುಡುಗ ಕೈಯಿಟ್ಟದ್ದು ಇಲ್ಲಿಯೇ.

ಆಶ್ಚರ್ಯವೆಂದರೆ ಸಂಸ್ಕೃತದಲ್ಲಿಯೂ ಹೀಗೆಯೇ ನಡೆದಿದೆ. ‘ಕೃಪಣ’ ಎಂದರೆ ಇಂದು ನಮಗೆ ಜಿಪುಣ. ಆದರೆ ಅದರ ಮೂಲಾರ್ಥ ದೀನ, ಕೃಪೆಗೆ ಪಾತ್ರನಾದವನು. ‘ಕೃಪೆ’ ಮತ್ತು ‘ಕೃಪಣ’ ಒಡಹುಟ್ಟಿದ ಶಬ್ದಗಳು. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಫಲದ ಆಸೆಯಿಂದಲೇ ಕೆಲಸ ಮಾಡುವವರನ್ನು ಕೃಪಣರೆಂದು ಕರೆದಿರುವುದು ಈ ಹಳೆಯ ಅರ್ಥದಲ್ಲಿ. ಅದೇ ಅಧ್ಯಾಯದಲ್ಲಿ ಅರ್ಜುನನು ಕಾರ್ಪಣ್ಯದಿಂದ ತನ್ನ ಸ್ವಭಾವ ಕುಂದಿತೆಂದು ಹೇಳಿಕೊಳ್ಳುವಾಗ ತಾನು ಜಿಪುಣನಾದೆನೆಂದು ಹೇಳುತ್ತಿಲ್ಲ. ದೈನ್ಯ ಬಂದಿತೆಂದು ಹೇಳುತ್ತಿದ್ದಾನೆ. ಒಬ್ಬರನ್ನೊಬ್ಬರು ಕೇಳದೆ ರೋಮಿನ ಭಾಷೆಯೂ ನಮ್ಮ ಸಂಸ್ಕೃತವೂ ಕೂಡಿಡುವವನಿಗೆ ಮರುಕದ ಹೆಸರನ್ನೇ ಒದಗಿಸಿದವು. ಇದು ಬರಿಯ ಆಕಸ್ಮಿಕವಿರಲಾರದೆಂದು ನನಗೆ ತೋರುತ್ತದೆ.

ಕನ್ನಡದ ಆಡುಮಾತಿನಲ್ಲಿ ಜಿಪುಣ, ಜುಗ್ಗ, ಹಿಂದೂಸ್ಥಾನಿಯಿಂದ ಬಂದ ಕಂಜೂಸ್ ಮೊದಲಾದ ಹೆಸರುಗಳಿವೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂಬ ಚಿತ್ರವಂತೂ ಯಾವ ನಿಘಂಟಿಗೂ ಕಡಿಮೆಯದಲ್ಲ. ಕೈ ಬೀಸಿದರೆ ಎರಡು ಅಗುಳು ಉದುರಿ ಕಾಗೆಯ ಪಾಲಾದೀತೆಂಬ ಭಯ! ‘ಭಯ’ ಎಂಬ ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು.

ಶಬ್ದಗಳ ಬೇರನ್ನು ಹುಡುಕುವವರು ಎಚ್ಚರವಾಗಿರಬೇಕೆಂಬುದಕ್ಕೂ ಜಿಪುಣನ ಹೆಸರೊಂದೇ ಸಾಕ್ಷಿ. ಡಾಕ್ಟರ್ ಜಾನ್ಸನ್ನನು ೧೭೫೫ರಲ್ಲಿ ಪ್ರಕಟಿಸಿದ ತನ್ನ ಮಹಾನಿಘಂಟಿನಲ್ಲಿ, ಜಿಪುಣನೂ ಸಿಡುಕನೂ ಆದವನಿಗೆ ಹೇಳುವ ‘ಕರ್ಮಜನ್’ ಎಂಬ ಶಬ್ದವನ್ನು ವಿವರಿಸುತ್ತ, ಇದು ಕೆಟ್ಟ ಹೃದಯ ಎಂಬ ಅರ್ಥದ ‘ಕರ್ ಮೆಶಾನ್’ ಎಂಬ ಫ್ರೆಂಚ್ ಮಾತಿನ ಅಪಭ್ರಂಶವಿರಬೇಕೆಂದು ಸೂಚಿಸಿ, ಹೀಗೆಂದು ತಿಳಿಸಿದವನು ಹೆಸರು ತಿಳಿಯದ ಒಬ್ಬ ಪತ್ರಲೇಖಕ ಎಂದು ಗುರುತು ಹಾಕಿದ. ೧೭೭೫ರಲ್ಲಿ ಜಾನ್ ಆ್ಯಷ್ ಎಂಬಾತ ತನ್ನ ನಿಘಂಟನ್ನು ಹೊರತಂದಾಗ ಈ ಗುರುತನ್ನು ತಪ್ಪಾಗಿ ಓದಿಕೊಂಡು, ‘ಕರ್’ ಎಂದರೆ ‘ತಿಳಿಯದ’, ‘ಮೆಶಾನ್’ ಎಂದರೆ ‘ಪತ್ರಲೇಖಕ’ ಎಂದು ಅರ್ಥ ಬರೆದುಬಿಟ್ಟ! ಪಕ್ಕದವನ ಉತ್ತರ ನೋಡಿ ಬರೆಯುವವರ ಪಾಡು ಎಲ್ಲ ಕಾಲದಲ್ಲಿಯೂ ಒಂದೇ.

ಇರಲಿ. ಎರಡು ಪಂಗಡಗಳಲ್ಲಿ ಯಾವುದರ ಮಾತು ನಿಜ? ಜಿಪುಣನನ್ನು ಆಳುವುದು ಆಸೆಯೋ, ದುಃಖವೋ? ಸಾಹಿತ್ಯವನ್ನು ಕೇಳಿ ನೋಡೋಣ.

ಈಸೋಪನ ಕಥೆಯೊಂದರಲ್ಲಿ ಜಿಪುಣನೊಬ್ಬನು ತನ್ನದನ್ನೆಲ್ಲ ಮಾರಿ ಒಂದು ಚಿನ್ನದ ಗಟ್ಟಿ ಮಾಡಿಕೊಂಡು ಅದನ್ನು ನೆಲದಲ್ಲಿ ಹೂತು, ದಿನವೂ ಹೋಗಿ ನೋಡಿ ಬರುತ್ತಾನೆ. ಕಳ್ಳನು ಅದನ್ನು ಹೊತ್ತೊಯ್ದಾಗ ಗೋಳಾಡುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ, ಅಲ್ಲಿ ಒಂದು ಕಲ್ಲನ್ನು ಹೂತು ಅದನ್ನೇ ಚಿನ್ನವೆಂದುಕೋ, ಹೇಗೂ ನೀನು ಅದನ್ನು ಬಳಸುತ್ತಿರಲಿಲ್ಲ ಎಂದು ಬುದ್ಧಿ ಹೇಳುತ್ತಾನೆ. ರೋಮಿನ ಪ್ಲಾಟಸನು ಕ್ರಿಸ್ತಪೂರ್ವ ಎರಡನೆಯ ಶತಮಾನದ ಆರಂಭದ ಸುಮಾರಿಗೆ ಬರೆದ ‘ಔಲುಲಾರಿಯ’ ನಾಟಕದ ಯೂಕ್ಲಿಯೋ, ಒಲೆಯ ಬಳಿ ಚಿನ್ನದ ಗಡಿಗೆ ಸಿಕ್ಕಿದಂದಿನಿಂದ ನಿದ್ದೆಗೆಡುತ್ತಾನೆ. ಅವನ ಮೊಮ್ಮಗನಂತಿರುವವನು ೧೬೬೮ರಲ್ಲಿ ರಂಗಕ್ಕೆ ಬಂದ ಮೋಲಿಯೇರನ ಹಾರ್ಪಗಾನ್. ಪೆಟ್ಟಿಗೆ ಕಳುವಾದಾಗ ಅವನು ಹುಚ್ಚನಂತೆ ಓಡಾಡಿ, ಕಳ್ಳನು ಸಿಕ್ಕಿದನೆಂದು ಒಂದು ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ನೋಡಿದರೆ ಅದು ಅವನ ತೋಳೇ. ಸಭೆ ನಗುತ್ತದೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಆ ಮುದುಕನಷ್ಟು ಒಂಟಿಯಾದವನು ರಂಗದ ಮೇಲೆ ಮತ್ತೊಬ್ಬನಿಲ್ಲ.

ಇವು ಕಟ್ಟುಕಥೆಗಳೆನ್ನುವವರಿಗೆ ಇಂಗ್ಲೆಂಡಿನ ಜಾನ್ ಎಲ್ವೆಸ್ ಇದ್ದಾನೆ. ಇವನ ಕಾಲ ೧೭೧೪ರಿಂದ ೧೭೮೯. ಬರ್ಕ್‌ಷೈರಿನಿಂದ ಆಯ್ಕೆಯಾಗಿ ಹನ್ನೆರಡು ವರ್ಷ ಪಾರ್ಲಿಮೆಂಟಿನ ಸದಸ್ಯನಾಗಿದ್ದವನು. ಅಪಾರ ಆಸ್ತಿಯ ಒಡೆಯ. ಮೇಣದ ಬತ್ತಿ ಉಳಿಯಲೆಂದು ಕತ್ತಲಾಗುತ್ತಲೇ ಮಲಗುತ್ತಿದ್ದನಂತೆ. ಕುದುರೆಯ ಲಾಳ ಸವೆಯಬಾರದೆಂದು ರಸ್ತೆಯ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಸವಾರಿ ಮಾಡುತ್ತಿದ್ದನಂತೆ. ಇಷ್ಟಾದರೂ ಸ್ನೇಹಿತರು ಕೇಳಿದರೆ ದೊಡ್ಡ ದೊಡ್ಡ ಮೊತ್ತಗಳನ್ನು ಸಾಲ ಕೊಟ್ಟು, ಹಿಂದಕ್ಕೆ ಕೇಳಲು ಸಂಕೋಚಪಡುತ್ತಿದ್ದನು. ಪರರ ಸೊತ್ತಿನ ಮೇಲೆ ಕಣ್ಣಿಟ್ಟ ದುರಾಶೆಯ ಮನುಷ್ಯನ ಲಕ್ಷಣವೆ ಇದು? ಕೊನೆಗಾಲದಲ್ಲಿ ಅವನು ರಾತ್ರಿಯ ವೇಳೆ ಇಲ್ಲದ ಕಳ್ಳರೊಡನೆ ಹೋರಾಡುತ್ತ, ತನ್ನ ಹಣವನ್ನು ಕೊಡುವುದಿಲ್ಲವೆಂದು ಕೂಗಿಕೊಳ್ಳುತ್ತಿದ್ದನೆಂದು ಅವನ ಜೀವನಚರಿತ್ರೆಯನ್ನು ಬರೆದ ಟೋಪ್‌ಹ್ಯಾಮ್ ಹೇಳಿದ್ದಾನೆ.

ಜಾರ್ಜ್ ಎಲಿಯಟ್ ೧೮೬೧ರಲ್ಲಿ ಪ್ರಕಟಿಸಿದ ‘ಸೈಲಾಸ್ ಮಾರ್ನರ್’ ಕಾದಂಬರಿಯ ನೇಕಾರನು, ನಂಬಿದ ಸ್ನೇಹಿತನೇ ಕಳ್ಳತನದ ಆರೋಪ ಹೊರಿಸಿದ ಮೇಲೆ ಊರು ಬಿಟ್ಟು ಬಂದವನು. ಮನುಷ್ಯರ ಮೇಲಣ ನಂಬಿಕೆ ಹೋದ ಕಡೆ ಚಿನ್ನದ ನಾಣ್ಯಗಳು ಬಂದು ಕುಳಿತವು. ಆ ನಾಣ್ಯಗಳು ಕಳುವಾಗಿ, ಅವುಗಳಿದ್ದ ಗುಡಿಸಲಿಗೆ ಒಂದು ಅನಾಥ ಮಗು ತೆವಳಿ ಬಂದಾಗ, ಅವನು ಅದರ ಹೊಂಬಣ್ಣದ ಕೂದಲನ್ನು ಕಂಡು ತನ್ನ ಚಿನ್ನವೇ ಮರಳಿತೆಂದು ಭ್ರಮಿಸುತ್ತಾನೆ. ಆ ಮಗುವಿನಿಂದಲೇ ಮತ್ತೆ ಮನುಷ್ಯನಾಗುತ್ತಾನೆ. ನಮ್ಮ ನಾಡಿನಲ್ಲಿ ಶ್ರೀನಿವಾಸ ನಾಯಕರೆಂಬ ಕಡುಲೋಭಿ ವರ್ತಕರು ಹೆಂಡತಿ ದಾನ ಕೊಟ್ಟ ಮೂಗುತಿಯೊಂದರ ಪ್ರಸಂಗದಿಂದ ಕಣ್ಣು ತೆರೆದು, ಇದ್ದದ್ದನ್ನೆಲ್ಲ ಕೊಟ್ಟು ಪುರಂದರದಾಸರಾದ ಕಥೆಯನ್ನು ಕೇಳದವರಿಲ್ಲ. ಆ ಕಥೆಯಲ್ಲಿಯೂ ನಾಯಕರನ್ನು ತಿದ್ದಿದ್ದು ಬೈಗುಳವಲ್ಲ, ನಗೆಯಲ್ಲ.

ಇಷ್ಟನ್ನು ನೋಡಿದರೆ ನನ್ನ ಒಲವು ಎರಡನೆಯ ಪಂಗಡದ ಕಡೆಗೆ. ಆದರೆ ದುಃಖ ಎಂದಷ್ಟಕ್ಕೆ ನಿಲ್ಲಿಸುವಂತಿಲ್ಲ. ಆ ದುಃಖದ ಕಾರಣವನ್ನು ಹೇಳಬೇಕು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಲೋಭವನ್ನು ಎರಡಾಗಿ ಸೀಳುತ್ತಾನೆ. ತೆಗೆದುಕೊಳ್ಳುವುದರಲ್ಲಿ ಅತಿ ಒಂದು, ಕೊಡುವುದರಲ್ಲಿ ಕೊರತೆ ಇನ್ನೊಂದು. ಈ ಎರಡನೆಯ ಬಗೆಯವರಲ್ಲಿ ಕೆಲವರು ಪರರ ಹಣವನ್ನು ಮುಟ್ಟುವವರೇ ಅಲ್ಲ. ಮುಂದೊಂದು ದಿನ ಮಾನಗೇಡಿನ ಕೆಲಸಕ್ಕೆ ಕೈಹಾಕಬೇಕಾದೀತೆಂಬ ಅಂಜಿಕೆಯಿಂದ ಕೂಡಿಡುತ್ತೇವೆಂದು ಅವರು ಹೇಳಿಕೊಳ್ಳುತ್ತಾರೆ ಎನ್ನುತ್ತಾನೆ. ಅವನಿಗಿಂತ ಸ್ಪಷ್ಟವಾಗಿ ಹೇಳಿದವನು ೩೯೯ರಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸಂನ್ಯಾಸಿ. ತಪಸ್ಸಿಗೆ ಕುಳಿತವರ ಮನಸ್ಸನ್ನು ಕೆಡಿಸುವ ಎಂಟು ಯೋಚನೆಗಳನ್ನು ಅವನು ಪಟ್ಟಿ ಮಾಡಿದ್ದಾನೆ. ಅವುಗಳಲ್ಲಿ ಒಂದು ಫಿಲಾರ್ಗುರಿಯ. ಕೈಯಲ್ಲಿ ಕಾಸಿಲ್ಲದ ಸಂನ್ಯಾಸಿಗೆ ಹಣದ ಮೋಹ ಹೇಗೆ ಬರುತ್ತದೆ? ಅದು ಚಿನ್ನದ ಹೊಳಪನ್ನು ತೋರಿಸಿ ಬರುವುದಿಲ್ಲ ಎನ್ನುತ್ತಾನೆ ಇವಾಗ್ರಿಯಸ್. ಮುಪ್ಪು ದೀರ್ಘವಾದೀತು, ದುಡಿಯಲು ಕೈ ನಡೆಯದೆ ಹೋದೀತು, ಬರ ಬಂದೀತು, ಕಾಯಿಲೆ ಬಂದೀತು, ಹೊಟ್ಟೆಗೆ ಬೇಕಾದದ್ದನ್ನು ಇನ್ನೊಬ್ಬರಿಂದ ಪಡೆಯುವ ನಾಚಿಕೆಗೇಡು ಬಂದೀತು ಎಂದು ಅದು ಮನಸ್ಸಿನಲ್ಲಿ ಪಿಸುಗುಟ್ಟುತ್ತದಂತೆ.

ಎಂ.ಎ. ಓದುತ್ತಿದ್ದಾಗ ಈ ಪಟ್ಟಿಯನ್ನು ಮೊದಲು ಓದಿ ನಾನು ಪುಸ್ತಕವನ್ನು ಮುಚ್ಚಿದೆ. ಮುಪ್ಪು, ಕೈ ನಡೆಯದಿರುವುದು, ಬರ, ಕಾಯಿಲೆ, ಕೇಳಿ ಪಡೆಯುವ ನಾಚಿಕೆ: ಇದು ಅಕ್ಷರಶಃ ನಮ್ಮ ಅಜ್ಜಿಯ ಮಾತು.

ನಮ್ಮ ಅಜ್ಜಿ ಬೆಂಕಿಕಡ್ಡಿಯನ್ನು ಉದ್ದಕ್ಕೆ ಸೀಳಿ ಎರಡು ಮಾಡುತ್ತಿದ್ದಳು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದಳು. ಅಂಗಡಿಯಿಂದ ಬಂದ ಪೊಟ್ಟಣದ ದಾರವನ್ನು ಉಂಡೆ ಸುತ್ತಿಡುತ್ತಿದ್ದಳು. ನಾವು ಯಾರಾದರೂ ದೀಪ ಆರಿಸದೆ ಹೊರಗೆ ಬಂದರೆ ಅವಳು ಗೊಣಗುತ್ತ ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಆ ಹೊತ್ತಿಗೆ ಕಷ್ಟವೇನೂ ಇರಲಿಲ್ಲ. ಅಪ್ಪನಿಗೆ ಸಂಬಳವಿತ್ತು. ಅದುದರಿಂದ ಅವಳ ಈ ನಡತೆ ನಮಗೆಲ್ಲ ತಮಾಷೆಯ ವಸ್ತು. ವಾಚನಾಲಯದಲ್ಲಿ ಆ ಶಬ್ದ ಸಿಕ್ಕಿದ ವಾರವೇ, ನನ್ನ ಇಬ್ಬರು ಸ್ನೇಹಿತರು ಮನೆಗೆ ಬಂದಿದ್ದಾಗ, “ಇವರೇ ನಮ್ಮ ಫಿಲಾರ್ಜಿರಿ ಅಜ್ಜಿ” ಎಂದು ಪರಿಚಯ ಮಾಡಿಕೊಟ್ಟೆ. ಸ್ನೇಹಿತರು ನಕ್ಕರು. ಅಜ್ಜಿಯೂ ನಗುತ್ತ, “ಹಾಗಂದರೆ ಏನೋ?” ಎಂದಳು.

“ಬೆಳ್ಳಿ ಅಂದರೆ ಪ್ರಾಣ ಬಿಡುವವರು ಅಂತ, ಅಜ್ಜಿ.”

“ಬೆಳ್ಳಿ ಎಲ್ಲಿದೆಯಪ್ಪ ನನ್ನ ಹತ್ತಿರ? ಇದ್ದದ್ದು ಒಂದು ಕುಂಕುಮದ ಭರಣಿ. ಅದನ್ನೂ ನಿಮ್ಮಪ್ಪನ ಫೀಸಿಗೆ ಅಂತ ಮಾರಿದೆ.”

ನಾವು ಅದಕ್ಕೂ ನಕ್ಕೆವು.

ಅದಾದ ಕೆಲವೇ ವಾರಗಳಲ್ಲಿ, ೨೦೧೬ರ ನವೆಂಬರ್ ೮ನೆಯ ತಾರೀಖು ರಾತ್ರಿ, ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ರದ್ದಾದುವೆಂಬ ಪ್ರಕಟಣೆ ಬಂದಿತು. ಆಗ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ಸುಮಾರು ೮೬ರಷ್ಟು ಆ ಎರಡು ನೋಟುಗಳದೇ. ಹಳೆಯ ನೋಟುಗಳನ್ನು ಬ್ಯಾಂಕಿಗೆ ಕಟ್ಟಲು ಡಿಸೆಂಬರ್ ೩೦ರವರೆಗೆ ಅವಕಾಶವಿತ್ತು. ಮರುದಿನ ಬೆಳಿಗ್ಗೆ ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿ ಇದೇ ಮಾತಾಡುತ್ತಿದ್ದರು. ನಾನು ಗಟ್ಟಿಯಾಗಿ, “ಅಜ್ಜಿಯ ಖಜಾನೆಯ ಬಾಗಿಲು ಈಗಲಾದರೂ ತೆರೆಯಲೇಬೇಕು” ಎಂದೆ. ಎಲ್ಲರೂ ನಕ್ಕರು. ಅಜ್ಜಿ, “ನನ್ನ ಹತ್ತಿರ ಎಲ್ಲಿಂದ ಬರಬೇಕು ದುಡ್ಡು?” ಎಂದು ಎದ್ದು ಒಳಗೆ ಹೋದಳು.

೨೦೧೭ರ ಯುಗಾದಿ ಕಳೆದ ಮೇಲೆ, ಮನೆಯಲ್ಲಿ ಯಾರೂ ಇಲ್ಲದಿದ್ದ ಒಂದು ಮಧ್ಯಾಹ್ನ, ಅಜ್ಜಿ ನನ್ನನ್ನು ಕರೆದಳು. ತನ್ನ ಟ್ರಂಕಿನಿಂದ ಹಳೆಯ ಎಲೆಯಡಿಕೆ ಚೀಲವನ್ನು ತೆಗೆದು, ಅದರೊಳಗಿನ ಬಟ್ಟೆಯ ಗಂಟನ್ನು ಬಿಚ್ಚಿದಳು. ಐನೂರು ರೂಪಾಯಿಯ ಎಂಟು ನೋಟುಗಳು.

“ಇದು ನಡೆಯುತ್ತದೆಯೇ ನೋಡು, ಮಗು” ಎಂದಳು.

ನಡೆಯುವುದಿಲ್ಲವೆಂದು ಹೇಳಿದೆ. “ಆಗಲೇ ಯಾಕೆ ಕೊಡಲಿಲ್ಲ, ಅಜ್ಜಿ? ನಾನೇ ಬ್ಯಾಂಕಿಗೆ ಕಟ್ಟಿ ಬರುತ್ತಿದ್ದೆನಲ್ಲ?”

“ಹೇಗೆ ಕೊಡಲಿ? ಎಲ್ಲರೂ ನಗುತ್ತಿದ್ದಿರಿ.”

ಆ ಹಣ ಯಾತಕ್ಕೆಂದು ಕೇಳಿದೆ. ತಾನು ಸತ್ತಾಗ ಆಗುವ ಖರ್ಚಿಗೆ ಎಂದಳು. ೧೯೬೬ರಲ್ಲಿ ತಾತ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು ವರ್ಷ. ಅಪ್ಪ ಮೂರು ವರ್ಷದ ಮಗು, ಚಿಕ್ಕಪ್ಪ ಕೈಗೂಸು. ಮಳೆ ಕೈಕೊಟ್ಟು, ಜನ ಅಮೆರಿಕದಿಂದ ಬಂದ ಗೋಧಿಗೆ ರೇಷನ್ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಕಾಲ. ತಾತನ ಕಾರ್ಯಕ್ಕೆ ಹಣವಿಲ್ಲದೆ ಅವಳು ನೆಂಟರೊಬ್ಬರ ಮನೆಗೆ ಹೋಗಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಜಗಲಿಯ ಮೇಲೆ ಕುಳಿತಿದ್ದಳಂತೆ. ಅವರು ಹಣ ಕೊಟ್ಟರು. ಕೊಡುವಾಗ ಒಂದು ಮಾತನ್ನೂ ಅಂದರು. ಆ ಮಾತು ಏನೆಂದು ಅಜ್ಜಿ ನನಗೆ ಹೇಳಲಿಲ್ಲ. “ಹಣ ಎರಡು ವರ್ಷದಲ್ಲಿ ತೀರಿಸಿದೆ ಕಣೋ” ಎಂದಷ್ಟೇ ಹೇಳಿ ಸುಮ್ಮನಾದಳು.

ರದ್ದಾದ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ೯೯ಕ್ಕಿಂತ ಹೆಚ್ಚು ಭಾಗ ಬ್ಯಾಂಕುಗಳಿಗೆ ಹಿಂತಿರುಗಿತೆಂದು ರಿಸರ್ವ್ ಬ್ಯಾಂಕು ೨೦೧೮ರಲ್ಲಿ ತನ್ನ ವಾರ್ಷಿಕ ವರದಿಯಲ್ಲಿ ತಿಳಿಸಿತು. ಹಿಂತಿರುಗದೆ ಉಳಿದ ಆ ಅತ್ಯಲ್ಪ ಭಾಗದಲ್ಲಿ ನಮ್ಮ ಅಜ್ಜಿಯ ನಾಲ್ಕು ಸಾವಿರ ರೂಪಾಯಿಯೂ ಸೇರಿದೆ. ಅದನ್ನು ತಡೆದದ್ದು ಅಜ್ಜಿಯ ಫಿಲಾರ್ಜಿರಿಯಲ್ಲ, ನನ್ನ ನಗೆ. ಈಸೋಪನ ಕಥೆಯಲ್ಲಿ ಕಲ್ಲು ಹೂಳೆಂದು ಬುದ್ಧಿ ಹೇಳುವ ದಾರಿಹೋಕನನ್ನು ನಾನು ಮೊದಲು ಬಹಳ ಮೆಚ್ಚುತ್ತಿದ್ದೆ. ಅವನ ತರ್ಕದಲ್ಲಿ ದೋಷವಿಲ್ಲ. ಆದರೆ, ನೀನು ಅಂಜುತ್ತಿದ್ದುದು ಯಾವುದಕ್ಕೆ ಎಂದು ಅವನು ಆ ಜಿಪುಣನನ್ನು ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಅಜ್ಜಿ ೨೦೧೯ರಲ್ಲಿ ತೀರಿಕೊಂಡಳು. ಖರ್ಚನ್ನು ಅಪ್ಪ ನೋಡಿಕೊಂಡರು. ಯಾರ ಜಗಲಿಯ ಮೇಲೂ ಯಾರೂ ಕುಳಿತುಕೊಳ್ಳಬೇಕಾಗಲಿಲ್ಲ. ಆ ಮಾತನ್ನು ಅವಳು ಬದುಕಿದ್ದಾಗಲೇ ಯಾರಾದರೂ ಅವಳಿಗೆ ಗಟ್ಟಿಯಾಗಿ ಹೇಳಿದ್ದರೆ, ಆ ಗಂಟಿನ ಅವಶ್ಯಕತೆಯೇ ಅವಳಿಗೆ ಇರುತ್ತಿರಲಿಲ್ಲವೇನೋ.

ಹಾಗಾದರೆ ಜಿಪುಣತನವೆಂಬ ದೋಷವೇ ಇಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಇದೆ. ಮನೆಯಲ್ಲಿ ಹಣವಿದ್ದೂ ಮಗುವಿಗೆ ಔಷಧ ತರದವನು, ಆಳಿನ ಕೂಲಿಯನ್ನು ಹಿಡಿಯುವವನು ಕೃಪಣನೇ ಸರಿ. ಅವನ ಭಯದ ಬೆಲೆಯನ್ನು ಬೇರೆಯವರು ತೆರುತ್ತಾರೆ. ಆದರೆ ಕೃಪಣನಿಗೂ ಮಿತವ್ಯಯಿಗೂ ಹೊರನೋಟದಲ್ಲಿ ಹೋಲಿಕೆ ಬಹಳ. ಇಬ್ಬರೂ ಬೆಂಕಿಕಡ್ಡಿಯನ್ನು ಸೀಳಬಹುದು. ಇಬ್ಬರನ್ನೂ ಬೇರ್ಪಡಿಸಲು ನಾನು ಕಂಡುಕೊಂಡಿರುವ ಒರೆಗಲ್ಲು ಇದು: ಮಿತವ್ಯಯಿಯ ಹಣಕ್ಕೆ ಒಂದು ಹೆಸರಿರುತ್ತದೆ. ಇದು ಬಿತ್ತನೆ ಬೀಜಕ್ಕೆ, ಇದು ಮಗಳ ಓದಿಗೆ, ಇದು ಆಸ್ಪತ್ರೆಗೆ ಎಂದು ಅವನು ಹೇಳಬಲ್ಲ. ಆ ಕೆಲಸ ಬಂದ ದಿನ ಅವನ ಗಂಟು ಬಿಚ್ಚುತ್ತದೆ. ಕೃಪಣನ ಹಣಕ್ಕೆ ಹೆಸರಿಲ್ಲ, ಮೊತ್ತ ಮಾತ್ರ. ಯಾವ ಕೆಲಸ ಬಂದರೂ ಅದು ಬಿಚ್ಚುವುದಿಲ್ಲ. ಎಲ್ವೆಸ್ ಉಳಿಸಿದ ಮೇಣದ ಬತ್ತಿ ಯಾವ ಕತ್ತಲೆಗೂ ಆಗಿ ಬರಲಿಲ್ಲ. ನಮ್ಮ ಅಜ್ಜಿಯ ಎಂಟು ನೋಟುಗಳಿಗೆ ಹೆಸರಿತ್ತು. ಅವಳ ಕುಂಕುಮದ ಭರಣಿಗೂ ಸಮಯ ಬಂದಾಗ ಅಪ್ಪನ ಫೀಸು ಎಂಬ ಹೆಸರಾಯಿತು. ಆದುದರಿಂದ ನಾನು ಅವಳಿಗೆ ಇಟ್ಟ ಹೆಸರು ತಪ್ಪು. ಆ ತಪ್ಪನ್ನು ಅವಳೆದುರು ಒಪ್ಪಿಕೊಳ್ಳುವ ಧೈರ್ಯ ನನಗೆ ಸಕಾಲದಲ್ಲಿ ಬರಲಿಲ್ಲ, ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಶಬ್ದಗಳನ್ನು ಕಲಿಯುವುದು ಸಂತೋಷದ ಕೆಲಸ. ಅಪರೂಪದ ಶಬ್ದವೊಂದು ಸಿಕ್ಕಿದಾಗ ಅದನ್ನು ಯಾರ ಮೇಲಾದರೂ ಪ್ರಯೋಗಿಸಿ ನೋಡಬೇಕೆಂಬ ಚಪಲ ಸಹಜ. ಅದಕ್ಕೆ ಮೊದಲು ಆ ವ್ಯಕ್ತಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕೆಂದು ನನ್ನ ಸೂಚನೆ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಹೀಗೆ ಗಂಟು ಕಟ್ಟಿಟ್ಟುಕೊಂಡ ಹಿರಿಯರು ಇರಬಹುದು. ಬಿಡುವಾದಾಗ, ನಗದೆ, ಅದು ಯಾತಕ್ಕೆಂದು ಕೇಳಿ. ಅವರು ಹೇಳಿದರೆ, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಅವರ ಹೆಸರಿನಲ್ಲಿಯೇ ಒಂದು ಖಾತೆ ತೆರೆದು, ಪಾಸ್ ಪುಸ್ತಕವನ್ನು ಅವರ ಕೈಗೇ ಕೊಡಿ.

ಇನ್ನು ಹಿಂದಿನ ಬೆಂಚಿನ ಮಿತ್ರನಿಗೆ ಒಂದು ಮಾತು. ಜಿಪುಣತನಕ್ಕೆ ‘ಮಿಸರಿ’ ಎಂದು ಪರೀಕ್ಷೆಯಲ್ಲಿ ಬರೆಯಬೇಡ, ಅಂಕ ಹೋಗುತ್ತದೆ. ಆದರೆ ನೀನು ಅಂದು ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ನಾವು ನಕ್ಕದ್ದು ತಪ್ಪು, ನಾನೂ ಸೇರಿ.